ಬ್ರೇಕ್ ಮೇಷ್ಟ್ರ ಕಾರು ಸಿಕ್ಕಿದ ದಿನ

ಕನ್ನಡಕ ಮರೆತದ್ದೇ ಎಲ್ಲಕ್ಕೂ ಮೂಲ. ಬ್ರೇಕ್ ಮೇಷ್ಟ್ರು ಬೆಳಿಗ್ಗೆ ಕಾರು ಹೊರಗೆ ತೆಗೆದು, ಎಂಜಿನ್ ಸ್ವಲ್ಪ ಬಿಸಿಯಾಗಲಿ ಎಂದು ಹಾಗೇ ಬಿಟ್ಟು, ಕನ್ನಡಕ ತರಲು ಒಳಗೆ ಹೋದರು. ಕನ್ನಡಕ ಹುಡುಕುವುದಕ್ಕೂ ಕನ್ನಡಕ ಬೇಕೆನ್ನುವ ಮನುಷ್ಯ ಅವರು. ಕೊನೆಗೆ ಅದು ಸಕ್ಕರೆ ಡಬ್ಬದ ಹಿಂದೆ ಸಿಕ್ಕಿತು. ಮೂಗಿಗೇರಿಸಿಕೊಂಡು ಹೊರಗೆ ಬಂದರೆ, ಕಾರು ನಿಂತಿದ್ದ ಕಡೆ ಒಂದು ಎಣ್ಣೆ ಕಲೆ ಬಿಟ್ಟು ಬೇರೇನೂ ಇರಲಿಲ್ಲ.

ಮೇಷ್ಟ್ರ ಡ್ರೈವಿಂಗ್ ಸ್ಕೂಲೆಂದರೆ ಗೋಡೆಗೆ ಹೊಡೆದ ಒಂದು ಬೋರ್ಡು, ಆ ಒಂದು ಕಾರು, ಅದರಲ್ಲಿ ಪಕ್ಕದ ಸೀಟಿನ ಮುಂದೆ ಅವರಿಗಾಗಿಯೇ ಕೂಡಿಸಿದ್ದ ಇನ್ನೊಂದು ಬ್ರೇಕು, ಅಷ್ಟೇ. ಶಿಷ್ಯರು ಸ್ಟೀರಿಂಗ್ ತಿರುಗಿಸುತ್ತಿದ್ದರು, ಇವರು ಬ್ರೇಕ್ ಒತ್ತುತ್ತಿದ್ದರು. ಹೆಸರು ಬಂದದ್ದೂ ಹಾಗೆ, ಹೊಟ್ಟೆ ತುಂಬುತ್ತಿದ್ದದ್ದೂ ಹಾಗೆ. ಕಾರು ಹೋಯಿತೆಂದರೆ ಬೋರ್ಡು ಬಿಚ್ಚಿ ಒಲೆಗೆ ಹಾಕುವುದೊಂದೇ ಬಾಕಿ.

"ಕಾರು! ನನ್ನ ಕಾರು!" ಎಂದು ಮೇಷ್ಟ್ರು ಕೂಗಿದ ಕೂಗಿಗೆ ಬೀದಿಯ ಇದ್ದಬದ್ದ ಬಾಗಿಲೆಲ್ಲ ತೆರೆದುಕೊಂಡವು.

ಎದುರುಮನೆಯ ಟಪಾಲು ಮಾಮ ಮೊದಲು ಬಂದರು. ಅಂಚೆ ಹಂಚಿ ನಿವೃತ್ತರಾದವರು. ಊರಿನ ಪ್ರತಿ ಮನೆಯ ವಿಚಾರದಲ್ಲೂ ಮೂಗು ತೂರಿಸುವ ಹಕ್ಕು ಇಲಾಖೆಯೇ ಕೊಟ್ಟಿದೆ ಎಂಬ ನಂಬಿಕೆ ಅವರಿಗೆ. ಅವರ ಹಿಂದೆ ಮೂಲೆಯಂಗಡಿಯ ಲಾಂಡ್ರಿ ಅಕ್ಕ ಬಂದಳು. ಮೇಷ್ಟ್ರ ಹತ್ತಿರ ಕಾರು ಕಲಿಯುತ್ತಿದ್ದ ಅವಳಿಗೆ ಆವತ್ತೇ ಲೈಸೆನ್ಸ್ ಪರೀಕ್ಷೆ.

"ಕೀಲಿ ಎಲ್ಲಿತ್ತು?" ಎಂದರು ಮಾಮ.

"ಕಾರಲ್ಲೇ."

"ಕಳ್ಳನಿಗೆ ಕಾಫಿ ಕೊಡೋದೊಂದು ಮರೆತ್ರಿ ನೋಡಿ."

ಮೇಷ್ಟ್ರು ತಲೆಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕುಸಿದರು. ಆಗ ಅವರ ಹೆಂಡತಿ ಮೊಬೈಲ್ ಹಿಡಿದು ಹೊರಗೆ ಬಂದರು. "ರೀ, ಏಳಿ. ಕಾರು ಈಗ ಆಸ್ಪತ್ರೆ ರಸ್ತೇಲಿ ಹೋಗ್ತಾ ಇದೆ."

ಹೋದ ವರ್ಷ ಆಕೆ ಕಾರಿಗೆ ಟ್ರ್ಯಾಕರ್ ಹಾಕಿಸಿದ್ದರು. ಗಂಡ ಎಲ್ಲಿದ್ದಾನೆಂದು ಗೊತ್ತಾದರೆ ಊಟ ಯಾವಾಗ ಬಿಸಿಮಾಡಬೇಕೆಂದು ಗೊತ್ತಾಗುತ್ತದೆ, ಅಷ್ಟೇ ಆಕೆಯ ಲೆಕ್ಕ. "ನಾನೇನು ಓಡಿಹೋಗ್ತೀನಾ?" ಎಂದು ಮೇಷ್ಟ್ರು ಆಗ ಮೂರು ದಿನ ಮಾತು ಬಿಟ್ಟಿದ್ದರು. ಈಗ ಹೆಂಡತಿಯ ಕೈ ಹಿಡಿದುಕೊಂಡು, "ನೀನು ನನ್ನ ಪಾಲಿನ ದೇವರು ಕಣೇ" ಎಂದುಬಿಟ್ಟರು. ಮದುವೆಯಾದಾಗಿನಿಂದ ಇಂಥ ಮಾತು ಕೇಳದ ಆಕೆ ಗಾಬರಿಯಾಗಿ ಲಾಂಡ್ರಿ ಅಕ್ಕನ ಮುಖ ನೋಡಿದರು.

"ನನ್ನ ವ್ಯಾನ್ ತಗೊಳ್ಳಿ ಮೇಷ್ಟ್ರೇ!" ಎಂದಳು ಅಕ್ಕ. "ನಮ್ಮ ಡ್ರೈವರ್ ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದಾನೆ. ನೀವೇ ಓಡಿಸಿ. ನನ್ನ ಪರೀಕ್ಷೆ ಹಾಳಾಗಿ ಹೋಗ್ಲಿ."

ಇಂಥ ನೆರೆಹೊರೆ ಯಾರಿಗುಂಟು! ಮೇಷ್ಟ್ರ ಕಣ್ಣು ತುಂಬಿತು. ಪೊಲೀಸರಿಗೆ ಫೋನ್ ಮಾಡಿ ಎಲ್ಲರೂ ವ್ಯಾನ್ ಹತ್ತಿದರು. ಮೇಷ್ಟ್ರು ಸ್ಟೀರಿಂಗ್ ಹಿಡಿದರು, ಮಾಮ ದಾರಿ ತೋರಿಸಲು ಪಕ್ಕದಲ್ಲಿ ಕೂತರು, ಹೆಂಗಸರಿಬ್ಬರೂ ಹಿಂದೆ ಒಗೆದ ಹಾಸಿಗೆ ಬಟ್ಟೆಗಳ ರಾಶಿಯ ಮೇಲೆ ಕೂತರು.

ಮೇಷ್ಟ್ರು ಜೀವಮಾನದಲ್ಲಿ ವೇಗವಾಗಿ ಓಡಿಸಿದವರಲ್ಲ. ಸೈಕಲ್ಲುಗಳು ಗಂಟೆ ಬಾರಿಸಿ ಅವರನ್ನು ದಾಟಿಕೊಂಡು ಹೋಗುತ್ತಿದ್ದವು. ಆದರೆ ಆವತ್ತು ಅವರ ಮೈಮೇಲೆ ಏನೋ ಬಂದಿತ್ತು. ಆಸ್ಪತ್ರೆ ವೃತ್ತದಲ್ಲಿ ಕೆಂಪು ದೀಪ ಬಿತ್ತು.

"ನುಗ್ಗಿ ಮೇಷ್ಟ್ರೇ!" ಎಂದಳು ಅಕ್ಕ. ನುಗ್ಗಿದರು.

"ಬಲಕ್ಕೆ ಹೊಡೀರಿ!" ಎಂದರು ಮಾಮ.

"ಅದು ಒನ್‌ವೇ ಅಲ್ವಾ?"

"ಒನ್‌ವೇ ಮಾಡಿದ್ದು ಆಮೇಲೆ. ನಾನು ಸೈಕಲ್ ತುಳಿಯೋವಾಗ ಎರಡೂ ಕಡೆ ಹೋಗ್ತಿದ್ವಿ."

ಎದುರು ಬಂದವರ ಬೈಗುಳವನ್ನೆಲ್ಲ ನುಂಗಿಕೊಂಡು ಮೇಷ್ಟ್ರು ಮುನ್ನುಗ್ಗಿದರು. ಒಂದು ಉಬ್ಬಿನ ಮೇಲೆ ವ್ಯಾನ್ ಹಾರಿದಾಗ ಯಾರದೋ ದಿಂಬಿನ ಚೀಲ ಮಾಮನ ತಲೆಗೆ ಟೋಪಿಯಾಗಿ ಇಳಿಯಿತು. ಅದನ್ನು ತೆಗೆಯುವಷ್ಟರಲ್ಲಿ ಹಿಂದಿನಿಂದ ಹೆಂಡತಿ ಕೂಗಿದರು: "ನಿಂತಿದೆ ರೀ! ಪಾರ್ಕಿನ ಹಿಂದೆ ನಿಂತಿದೆ!"

ನಿಂತೇ ಇತ್ತು. ಅದೂ ಎಷ್ಟು ಚೆಂದವಾಗಿ! ಎರಡು ಬಿಳಿ ಗೆರೆಗಳ ನಟ್ಟನಡುವೆ, ಚಕ್ರ ನೇರ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು. ಒಳಗೆ ಕಳ್ಳ ಸೀಟ್‌ಬೆಲ್ಟ್ ಕಟ್ಟಿಕೊಂಡು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಬೆನ್ನಿಗೇ ಬಂದ ಪೊಲೀಸರು ಎಬ್ಬಿಸಿದಾಗ ಅವನು ಕಣ್ಣುಜ್ಜಿಕೊಂಡ. ಮೇಷ್ಟ್ರನ್ನು ಕಂಡದ್ದೇ ಕೆಳಗಿಳಿದು ಕಾಲಿಗೆ ಬಿದ್ದ.

"ಮೇಷ್ಟ್ರೇ! ನಾನು ನಿಮ್ಮ ಶಿಷ್ಯ! ಆರು ವರ್ಷದ ಹಿಂದೆ ಇದೇ ಕಾರಲ್ಲಿ ಕಲಿತವನು! ಕದಿಯೋ ಯೋಚನೇಲಿ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ತೂಕಡಿಕೆ ಬಂದ್ರೆ ಪಕ್ಕಕ್ಕೆ ಹಾಕಿ ಮಲಗು ಅಂತ ನೀವೇ ಹೇಳಿಕೊಟ್ಟಿದ್ರಲ್ಲ."

"ಹಾಗಾದ್ರೆ ಇವನಿಗೆ ಕಲಿಸಿದ್ದು ನೀವೇನಾ?" ಎಂದು ಇನ್‌ಸ್ಪೆಕ್ಟರು ಮೇಷ್ಟ್ರನ್ನು ಒಂದು ಥರ ನೋಡಿದರು.

"ಓಡಿಸೋದು ಮಾತ್ರ ಸಾರ್" ಎಂದು ಮೇಷ್ಟ್ರು ತೊದಲಿದರು.

ಪೊಲೀಸರು ಕಾರನ್ನೂ ಎಲ್ಲರನ್ನೂ ಠಾಣೆಗೆ ಕರೆತಂದರು. ಕಳವೂ ಸೇರಿ ವಾಹನದ ಮೊಕದ್ದಮೆಗಳನ್ನೆಲ್ಲ ಕೇಳುವ ಸಂಚಾರ ನ್ಯಾಯಾಲಯ ಅದರ ಮಹಡಿಯ ಮೇಲೇ ಇತ್ತು. ತಪ್ಪು ಒಪ್ಪಿಕೊಂಡವರಿಗೆ ಅಲ್ಲಿ ಅಂದೇ ತೀರ್ಪು. ಕಳ್ಳನೋ, ಕೇಳುವ ಮೊದಲೇ ಒಪ್ಪಿಕೊಂಡ. ನ್ಯಾಯಾಧೀಶೆ ಕಾರಿನ ಟ್ರ್ಯಾಕರ್ ತೋರಿಸಿದ ದಾರಿಯನ್ನು ಪರದೆಯ ಮೇಲೆ ನೋಡಿ ಹುಬ್ಬೇರಿಸಿದರು. "ಎಲ್ಲ ಸಿಗ್ನಲ್‌ನಲ್ಲೂ ನಿಂತಿದ್ದೀಯ. ಶಾಲೆ ಮುಂದೆ ನಿಧಾನ ಮಾಡಿದ್ದೀಯ. ಇಷ್ಟು ನೀಟಾಗಿ ಓಡಿಸೋ ಕಳ್ಳನನ್ನ ನಾನು ಕಂಡಿಲ್ಲ."

"ಎಲ್ಲ ಗುರುಗಳ ಆಶೀರ್ವಾದ ಮೇಡಂ" ಎಂದು ಕಳ್ಳ ಮೇಷ್ಟ್ರ ಕಡೆ ಕೈ ಮುಗಿದ.

ಇದು ಮೊದಲ ತಪ್ಪು, ಕಾರಿಗೂ ಏನೂ ಆಗಿಲ್ಲ. ಹಾಗಾಗಿ ಒಂದು ವರ್ಷ ಅವನು ವಾಹನ ಓಡಿಸುವಂತಿಲ್ಲ, ಮೂರು ತಿಂಗಳು ಕಾರಿನ ಯಜಮಾನರಿಗೆ ಸಂಬಳವಿಲ್ಲದೆ ದುಡಿಯಬೇಕು ಎಂದು ತೀರ್ಪಾಯಿತು. ಮೇಷ್ಟ್ರ ಮನಸ್ಸು ಹಗುರಾಯಿತು. ಎದ್ದು ನಿಂತು, "ಮೇಡಂ, ನನ್ನ ಅನ್ನ ನನಗೆ ವಾಪಸ್ ಸಿಕ್ತು. ಈ ಹೆಂಡತಿ, ಈ ಅಕ್ಕ, ಈ ಮಾಮ ಇಲ್ಲದಿದ್ರೆ ನಾನು ಬೀದಿಪಾಲಾಗ್ತಿದ್ದೆ" ಎಂದರು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಲಾಂಡ್ರಿ ಅಕ್ಕನೂ ಎದ್ದು ನಿಂತಳು. ಹೊಗಳಿಸಿಕೊಂಡವಳು ತಿರುಗಿ ಹೊಗಳದೆ ಸುಮ್ಮನಿರುವುದುಂಟೇ?

"ನಾವೇನು ಮಾಡಿದ್ವಿ ಮೇಡಂ! ಮಾಡಿದ್ದೆಲ್ಲ ಮೇಷ್ಟ್ರು. ಏನು ಧೈರ್ಯ ಅಂತೀರಿ! ನನ್ನ ವ್ಯಾನಿಗೂ ಟ್ರ್ಯಾಕರ್ ಇದೆ, ನಮ್ಮ ಡ್ರೈವರ್ ಸೋಮಾರಿ ಅಂತ ಹಾಕಿಸಿದ್ದೆ. ನೀವೇ ನೋಡಿ!" ಎಂದು ತನ್ನ ಮೊಬೈಲನ್ನು ನ್ಯಾಯಾಧೀಶೆಯ ಮೇಜಿನ ಮೇಲೇ ಇಟ್ಟಳು.

ಮೇಷ್ಟ್ರ ಹೆಂಡತಿ ಅವಳ ಸೆರಗು ಜಗ್ಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ನ್ಯಾಯಾಧೀಶೆ ನಿಧಾನವಾಗಿ ನೋಡಿದರು. "ಆಸ್ಪತ್ರೆ ವೃತ್ತ ದಾಟಿದ್ದು ಕೆಂಪು ದೀಪ ಇದ್ದಾಗಲೇನಮ್ಮ?"

"ಹೂಂ ಮೇಡಂ, ಸ್ವಲ್ಪಾನೂ ಹೆದರಲಿಲ್ಲ!" ಎಂದಳು ಅಕ್ಕ.

"ಒನ್‌ವೇನಲ್ಲೂ ಅಷ್ಟೇ" ಎಂದು ಮಾಮ ಅಭಿಮಾನದಿಂದ ಸೇರಿಸಿದರು.

ಬ್ರೇಕ್ ಮೇಷ್ಟ್ರು ಆರು ತಿಂಗಳು ವಾಹನ ಓಡಿಸುವಂತಿಲ್ಲ ಎಂದು ತೀರ್ಪಾಯಿತು. ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತುವುದೂ ಓಡಿಸಿದ ಹಾಗೆಯೇ. ಆದ್ದರಿಂದ ಕಲಿಸುವಂತೆಯೂ ಇಲ್ಲ.

ಸಂಜೆ ಠಾಣೆಯ ಅಂಗಳದಲ್ಲಿ ಕಾರನ್ನು ಮೇಷ್ಟ್ರಿಗೆ ಒಪ್ಪಿಸಿದರು. ಕಾರಿದೆ, ಕೀಲಿಯಿದೆ, ಓಡಿಸುವವರಿಲ್ಲ. ಅಕ್ಕನಿಗೆ ಲೈಸೆನ್ಸ್ ಇಲ್ಲ. ಅವಳ ಡ್ರೈವರ್ ಹಲ್ಲು ಕೀಳಿಸಿಕೊಂಡು ಮಲಗಿದ್ದಾನೆ, ವ್ಯಾನ್ ಪಾರ್ಕಿನ ಹಿಂದೆಯೇ ನಿಂತಿದೆ. ಮಾಮನಿಗೆ ಸೈಕಲ್ ಬಿಟ್ಟರೆ ಬೇರೇನೂ ಬಾರದು. ಮೇಷ್ಟ್ರ ಹೆಂಡತಿ ಮದುವೆಯಾದ ಹೊಸದರಲ್ಲಿ ಒಂದೇ ದಿನ ಗಂಡನ ಹತ್ತಿರ ಕಲಿತು, ಅವರ ಕೂಗಾಟಕ್ಕೆ ಬೇಸತ್ತು ಬಿಟ್ಟವರು.

"ಓಡಿಸಬಾರದು ಅಂದ್ರು, ತಳ್ಳಬಾರದು ಅಂದಿಲ್ಲ" ಎಂದರು ಮಾಮ.

ಹೆಂಡತಿ ಸ್ಟೀರಿಂಗ್ ಹಿಡಿದು ಕೂತರು. ಅಕ್ಕ, ಮಾಮ ಒಂದೊಂದು ಬದಿಗೆ ಕೈ ಕೊಟ್ಟರು. ಹಿಂದೆ ಮೇಷ್ಟ್ರ ಜೊತೆ ಭುಜ ಕೊಟ್ಟವನು ಕಳ್ಳ. ಅವನ ಮೂರು ತಿಂಗಳ ದುಡಿಮೆ ಆಗಲೇ ಶುರುವಾಗಿತ್ತು. ಏರಿನಲ್ಲಿ ಮೇಷ್ಟ್ರಿಗೆ ಉಸಿರು ಸಿಕ್ಕಿಕೊಂಡಿತು. ಆದರೂ ಇಷ್ಟು ಜನ ತನಗಾಗಿ ಬೆವರುತ್ತಿರುವುದನ್ನು ನೋಡಿ, ಇವರ ಮೇಲೆ ಸಿಟ್ಟಾಗಲು ಅವರಿಂದ ಆಗಲೇ ಇಲ್ಲ.

"ಮೇಷ್ಟ್ರೇ, ನಿಮ್ಮ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ" ಎಂದ ಕಳ್ಳ. "ಆರು ತಿಂಗಳು ಕಳೀಲಿ, ಇನ್ನೊಂದು ಸಲ ಜನರ ಮುಂದೆ ನಿಮ್ಮ ಬಗ್ಗೆ ನಾಲ್ಕು ಒಳ್ಳೇ ಮಾತು ಹೇಳ್ತೀನಿ."

"ಬೇಡಪ್ಪ, ನಿನ್ನ ದಮ್ಮಯ್ಯ" ಎಂದರು ಮೇಷ್ಟ್ರು. "ಸುಮ್ಮನೆ ತಳ್ಳು."