ಬಲ್ಬಿನ ಬುಡದ ಸಾಕ್ಷಿದಾರ

ಬೆಳವಣಕಿಯ ಗವಿಸಿದ್ದಪ್ಪನವರನ್ನು ನಾನು ಮೊದಲು ಕಂಡದ್ದು, ಅವರು ಮಗ ಹೂವಪ್ಪನೊಡನೆ ನನ್ನ ತಂಗಿ ಶೇಖವ್ವನನ್ನು ನೋಡಲು ರೋಣಕ್ಕೆ ಬಂದ ಸಂಜೆ. ಐವತ್ತರ ದಶಕದ ಕೊನೆಯ ಮಾತು. ಇಡೀ ಓಣಿಯಲ್ಲಿ ವಿದ್ಯುದ್ದೀಪವಿದ್ದದ್ದು ಈ ಮಾಸ್ತರನ ಮನೆಯಲ್ಲಿ ಮಾತ್ರ! "ಮಾತುಕತೆ ಬಲ್ಬಿನ ಕೆಳಗ ಆಗಬೇಕು. ಬೀಗರು ಬೆರಗಾಗಬೇಕು!" ಎಂದು ಘೋಷಿಸಿದೆ.

"ಬ್ಯಾಡ್ರಿ," ಎಂದಳು ಹೆಂಡತಿ ಚನ್ನವ್ವ. "ಅಲ್ಲಿ ಹಲ್ಲಿಗೋಳ ಸಂತಿ ಕೂಡತೈತಿ."

ಅದು ನಿಜ. ಚಿಮಣಿ ದೀಪದ ಕಾಲದಲ್ಲಿ ಅಡಿಗೆಮನೆಯ ಜಂತಿಗಳಲ್ಲಿ ಅಡಗಿದ್ದ ಹಲ್ಲಿಗಳು ಬಲ್ಬು ಬಂದದ್ದೇ ತಡ ಪಡಸಾಲೆಗೆ ಬಿಡಾರ ಬದಲಿಸಿದ್ದವು. ಹುಳಗಳು ಬೆಳಕಿಗೆ ಬರುತ್ತವೆಂದು ಅವಕ್ಕೆ ಕಲಿಸಿದ ಗುರು ಯಾರೋ! ಈಗಂತೂ ಗುಂಡಿ ಒತ್ತಿದ 'ಟಕ್' ಸದ್ದಿಗೇ, ಹುಳ ಬರುವ ಮೊದಲೇ ಹಾಜರು! ಗಂಟೆ ಬಾರಿಸಿದರೂ ನನ್ನ ವಿದ್ಯಾರ್ಥಿಗಳು ಹಾಗೆ ಬಂದವರಲ್ಲ.

ಬೀಗರು ಕುಳಿತರು. ನಾನು ಗಂಟಲು ಸರಿಮಾಡಿಕೊಂಡೆ. "ಹುಡುಗಿ ಏಳನೇ ಇಯತ್ತಾ ಪಾಸ ಆಗ್ಯಾಳ್ರಿ."

ಲೊಚ್ ಲೊಚ್!

"ಖರೇ ಮಾತು!" ಎಂದು ಗವಿಸಿದ್ದಪ್ಪನವರು ಬೆರಳಿನಿಂದ ನೆಲ ಕುಟ್ಟಿದರು. ಮಾತಿನ ನಡುವೆ ಹಲ್ಲಿ ನುಡಿದರೆ ಆ ಮಾತು ಸತ್ಯವೆಂಬುದು ನಮ್ಮ ಕಡೆಯ ನಂಬಿಕೆ.

"ರೊಟ್ಟಿ ಬಡದರ ಹುಣ್ಣಿವಿ ಚಂದ್ರಾಮ!"

ಲೊಚ್!

"ಮಾತು ಭಾಳ ಕಡಿಮಿ."

ಲೊಚ್! ಒಳಗೆ ಚನ್ನವ್ವ ಕೆಮ್ಮಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಈಗ ಅವರ ಸರದಿ. "ನಮ್ಮ ಹೂವಪ್ಪ ಬೀಡಿ ಮುಟ್ಟಿದಾವ ಅಲ್ರಿ."

ಲೊಚ್ ಇಲ್ಲ. ಎಲ್ಲರೂ ಗೋಡೆ ನೋಡಿದೆವು.

"ಮುಟ್ಟೇ ಇಲ್ರಿ!" ದನಿ ಏರಿತು. ಹಲ್ಲಿ ಗಪ್ಪುಚಿಪ್ಪು! ಹೂವಪ್ಪ ಬೆವರಿದ. ಗವಿಸಿದ್ದಪ್ಪನವರು ರುಮಾಲು ಸುತ್ತಿಕೊಂಡು ಎದ್ದೇಬಿಟ್ಟರು. "ಹಲ್ಲಿ ಮುಂದ ನಮ್ಮ ಮರ್ಯಾದಿ ಹೋತು. ನಡಿಯೋ ಮಗನ!"

ತಂಗಿಯ ಸಂಬಂಧ ಹೊಸ್ತಿಲು ದಾಟುವುದರಲ್ಲಿತ್ತು.

"ಮಾವಾರ, ನಿಂದರ್ರಿ!" ಬಾಗಿಲ ಮರೆಯಿಂದ ಶೇಖವ್ವನ ದನಿ. ಇನ್ನೂ ಎಲೆ-ಅಡಿಕೆಯೇ ಆಗಿಲ್ಲ, ಆಗಲೇ ಮಾವ! "ಅದರ ಬಾಯಾಗ ಹುಳ ಐತ್ರಿ. ಬಾಯಿ ತುಂಬಿದ್ದಾಗ ಹ್ಯಾಂಗ ನುಡದೀತು?"

ನೋಡಿದರೆ, ಹೌದು! ಪತಂಗದ ರೆಕ್ಕೆ ಇನ್ನೂ ಹೊರಗೇ ಒದ್ದಾಡುತ್ತಿತ್ತು.

"ಮತ್ತ ನಿಮ್ಮಣ್ಣಗ ಅಷ್ಟು ಸಾಕ್ಷಿ ನುಡೀತಲ್ಲವ್ವಾ?" ಎಂದು ಬೀಗರು ತಿರುಗಿ ಕೇಳಿದರು.

"ಅಣ್ಣಗಲ್ರಿ. ಆ ಸಣ್ಣ ಹಲ್ಲಿ ಬಲ್ಬಿನ ಹತ್ತಿರ ಬಂದಾಗೊಮ್ಮಿ ಈ ದೊಡ್ಡದು ಗದರಸತಿತ್ತು. ಬಲ್ಬು ಬಂದಾಗಿಂದ ದಿನಾ ಇದ ಜಗಳ. ಖರೇ ಹೇಳಬೇಕಂದ್ರ, ನನಗ ರೊಟ್ಟಿ ದುಂಡಗ ಬರೂದಿಲ್ರಿ."

ಗವಿಸಿದ್ದಪ್ಪನವರು ಹೊಟ್ಟೆ ಹಿಡಿದು ನಕ್ಕು, ಮತ್ತೆ ಕುಳಿತರು. "ರೊಟ್ಟಿ ಹ್ಯಾಂಗರ ಇರಲಿ, ಈ ಹುಡುಗಿ ನಮ್ಮನಿಗೇ ಬರಬೇಕು!"

ಈಗ ತೊಂಬತ್ತರ ದಶಕ, ಅವರಿಗೆ ಎಂಬತ್ತು ದಾಟಿದೆ. ಯಾರ ಮನೆಯ ಸಂಬಂಧ ನೋಡಲು ಹೋದರೂ ಸೊಸೆ ಶೇಖವ್ವನನ್ನು ಜೊತೆಗೆ ಕರೆದೊಯ್ಯುತ್ತಾರೆ. ಮೊನ್ನೆ ಲಕ್ಕಲಕಟ್ಟಿಗೆ ಹೊರಟಿದ್ದರು. "ನಾನೂ ಬರಲೇನ್ರಿ?" ಎಂದೆ.

"ಬರ್ರಿ ಮಾಸ್ತರ," ಎಂದರು. "ಮಾತೆಲ್ಲಾ ಮುಗಿದ ಮ್ಯಾಲ, ಊಟಕ್ಕ!"