ಹದಿಮೂರು ಕಾರ್ಡುಗಳ ಪುಣ್ಯ

ತಾತಾಮಿ ಚಾಪೆ ಹೊಲಿಯುವ ತೋಕುಜಿಗೆ ಮಾಂಗಾ ಚಿತ್ರಕತೆಗಳ ಹುಚ್ಚು ಹಿಡಿದದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಒಗಾತಾನ ಕ್ಷೌರದಂಗಡಿಯಲ್ಲಿ. ಸರದಿ ಕಾಯುತ್ತ ಕೂತವನು ಹೊತ್ತು ಹೋಗಲಿ ಎಂದು ಚಿತ್ರಕತೆಗಳ ವಾರಪತ್ರಿಕೆ ಎತ್ತಿಕೊಂಡ. ತನ್ನ ಸರದಿ ಬಂದಾಗ ಹಿಂದಿನವನನ್ನು ಮುಂದೆ ಕಳಿಸಿದ. ಎಂಥ ಕಾಲವಪ್ಪಾ ಅದು! ಒರಟು ಕಾಗದ, ಬೆರಳಿಗಂಟುವ ಮಸಿ. ಶನಿವಾರ ಬಂತೆಂದರೆ ಇಡೀ ಬೀದಿ ಒಂದೇ ಪತ್ರಿಕೆಯಲ್ಲಿ ಮುಖ ಹುದುಗಿಸಿ ಕೂರುತ್ತಿತ್ತು.

ಎಲ್ಲರಿಗೂ ಬೇಕಾದದ್ದು ಮೊದಲ ಪುಟಗಳ ಬೇಸ್‌ಬಾಲ್ ಕತೆ. ತೋಕುಜಿಗೆ ಅದು ಹಿಡಿಸಲಿಲ್ಲ. ಅವನ ಮನಸ್ಸು ಕದ್ದದ್ದು ‘ಮಂಜಿನ ದೀಪಸ್ತಂಭ’. ದ್ವೀಪದಲ್ಲಿ ಸಿಕ್ಕಿಬಿದ್ದ ಏಳು ಜನ, ಒಂದು ಕೊಲೆ, ಮತ್ತು ಮೂರು ವಾರಗಳಿಂದ ಒಂದೇ ಕುರ್ಚಿಯಲ್ಲಿ ಕೂತು ಯೋಚಿಸುತ್ತಿರುವ ಒಬ್ಬ ಮುದುಕ ಕಾವಲುಗಾರ. ಹೊಡೆದಾಟವಿಲ್ಲ, ನಗುವಿಲ್ಲ, ಬರೀ ಕತ್ತಲು, ಬರೀ ತರ್ಕ. ಚಾಪೆಗೆ ಸೂಜಿ ಚುಚ್ಚುವಾಗಲೂ ತೋಕುಜಿ ಕೊಲೆಗಾರನನ್ನೇ ಹುಡುಕುತ್ತಿದ್ದ.

ಒಂದು ಶನಿವಾರ ಒಗಾತಾನ ಅಂಗಡಿಯಲ್ಲಿ ಪತ್ರಿಕೆ ಬಿಡಿಸಿದವನ ಎದೆ ಧಸಕ್ಕೆಂದಿತು. ದೀಪಸ್ತಂಭ ಕಟ್ಟಕಡೆಯ ಪುಟಗಳಿಗೆ ಇಳಿದಿತ್ತು. ಪತ್ರಿಕೆಯೊಳಗೆ ಒಂದು ಕಾರ್ಡು ಇರುತ್ತದೆ. ಮೆಚ್ಚಿದ ಕತೆಗಳ ಹೆಸರು ಬರೆದು ಓದುಗರು ಅದನ್ನು ಕಳಿಸಬೇಕು. ಓಟು ಕಡಿಮೆಯಾದ ಕತೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಒಂದು ದಿನ ಮಾಯವಾಗುತ್ತದೆ.

“ಕೊಂದಿದ್ದು ಯಾರು ಅಂತ ಹೇಳೋಕೆ ಮುಂಚೇನೇ ನಿಲ್ಲಿಸಿಬಿಡ್ತಾರೆ ಕಣೋ!” ಎಂದು ತೋಕುಜಿ ಗೋಳಾಡಿದ. “ಈ ಸಲದ ಓಟಿಗೆ ಇವತ್ತು ಐದು ಗಂಟೆ ಅಂಚೆಯೇ ಕಡೇದು. ಈ ಕಾರ್ಡು ನನಗೆ ಕೊಡು.”

“ಬಿಟ್ಟಿ ಓದಿ ಎದ್ದು ಹೋಗೋನಿಗೆ ಕಾರ್ಡು ಬೇರೆ ಕೇಡು,” ಎಂದ ಒಗಾತಾ. “ಮೊದಲು ಕುರ್ಚಿ ಮೇಲೆ ಕೂತ್ಕೋ.”

ನಾಲ್ಕು ದಿನದ ಹಿಂದಷ್ಟೇ ಕತ್ತರಿ ಕಂಡಿದ್ದ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ. ಒಗಾತಾ ನುಣ್ಣಗೆ ಬೋಳಿಸಿಯೇ ಬಿಟ್ಟ. ಒಂದು ಕಾರ್ಡು ಸಿಕ್ಕಿತು.

ನೂಡಲ್ ಅಂಗಡಿಯ ಸೆಂಜಿ ಸುಲಭಕ್ಕೆ ಬಗ್ಗಲಿಲ್ಲ. “ನಿನ್ನ ಆ ಮುದುಕ ಕಾವಲುಗಾರ, ಕತೆ ಶುರುವಾದಾಗಿಂದ ಒಂದು ತುತ್ತು ತಿಂದಿಲ್ಲ. ಅಂಥವನಿಗೆ ನಾನು ಹೆಂಗಪ್ಪಾ ಓಟು ಹಾಕಲಿ?”

ಆ ಮುದುಕನ ಪರವಾಗಿ ತೋಕುಜಿಯೇ ಮೂರು ಬಟ್ಟಲು ನೂಡಲ್ ತಿಂದ. ಎರಡು ಕಾರ್ಡು.

ನಾಲ್ಕು ಗಂಟೆಗೆ ಉಬ್ಬಿದ ಹೊಟ್ಟೆ ಹೊತ್ತುಕೊಂಡು ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಬಂದ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವಿನ ಎತ್ತರದ ಪೀಠದಲ್ಲಿ ಒಡತಿ ಒತಾಕೆ ಅಜ್ಜಿ ಕೂತಿದ್ದಳು.

“ಏನೋ ತೋಕುಜಿ, ಸನ್ಯಾಸ ತಗೊಂಡ್ಯಾ?”

“ಅಜ್ಜಿ, ನಿಮ್ಮಲ್ಲಿ ಬರೋ ಪತ್ರಿಕೆಯ ಕಾರ್ಡು ಬೇಕಿತ್ತು.”

ಸಂಗತಿಯೆಲ್ಲ ಕೇಳಿದ ಅಜ್ಜಿ ಅಡ್ಡಡ್ಡ ತಲೆಯಾಡಿಸಿದಳು. “ಕತೆ ಗೊತ್ತಿಲ್ಲದೆ ಹೆಸರು ಬರೆಯೋಳಲ್ಲ ನಾನು. ನೀರಿಗಿಳಿ, ಅಲ್ಲಿಂದಲೇ ಗಟ್ಟಿಯಾಗಿ ಹೇಳು. ಆ ಕಡೆಯವರೂ ಕೇಳಲಿ, ಅವರ ಮನೆ ಮಕ್ಕಳೂ ಅದನ್ನೇ ಓದೋದು.”

ತೊಟ್ಟಿಯ ಸುಡುವ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ, ಚಾವಣಿ ಮುಟ್ಟದ ಅಡ್ಡಗೋಡೆಯ ಆಚೆಗೂ ಕೇಳುವಂತೆ ತೋಕುಜಿ ಕತೆ ಹೇಳಿದ. ಹೆಣ ಸಿಗುವ ಹೊತ್ತಿಗೆ ಆಚೆ ಕಡೆ ನೀರು ಸುರಿಯುವ ಸದ್ದೇ ನಿಂತಿತು.

“ಡಾಕ್ಟ್ರೇ ಕೊಂದಿರೋದು!” ಎಂದು ಗೋಡೆಯಾಚೆಯಿಂದ ಒಬ್ಬಳು ಕೂಗಿದಳು.

“ಸುಮ್ನಿರೇ, ಆ ವಿಧವೆ ಕಮ್ಮಿಯವಳಲ್ಲ!” ಎಂದಳು ಇನ್ನೊಬ್ಬಳು. “ಮುಂದೇನಾಯ್ತು ತೋಕುಜಿಯೋರೇ?”

ಮುಂದೇನೆಂದು ಹೇಳಲು ಎದ್ದು ನಿಂತವನಿಗೆ ತಲೆ ಸುತ್ತಿತು. ಬೆಂದ ಸೀಗಡಿಯಂತೆ ಕೆಂಪಾಗಿ ನೆಲಕ್ಕೊರಗಿದ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಹನ್ನೊಂದು ಕಾರ್ಡು! ಹೆಂಗಸರು ಒದ್ದೆ ಕೂದಲಲ್ಲೇ ಮನೆಗೋಡಿ, ಮಕ್ಕಳು ಅಳುತ್ತಿದ್ದರೂ ಅವರ ಪತ್ರಿಕೆಗಳಿಂದ ಕತ್ತರಿಸಿ ತಂದಿದ್ದರು. ಅಜ್ಜಿಯ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿತ್ತು: “ನಾನು ಸಾಯುವವರೆಗೆ ಈ ಕತೆ ನಿಲ್ಲಿಸಬೇಡಿ.”

ಐದಕ್ಕೆ ಎರಡು ನಿಮಿಷವಿತ್ತು. ತೋಕುಜಿ ಸೊಂಟಕ್ಕೆ ಟವಲು ಸುತ್ತಿಕೊಂಡು ಅಂಚೆಡಬ್ಬಿಗೆ ಓಡಿದ. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಅಂಥ ಸಂಭ್ರಮವನ್ನು ನಮ್ಮ ಬೀದಿ ಮತ್ತೆ ಕಾಣಲಿಲ್ಲ.

ಮೂರು ವಾರದ ಮೇಲೆ ದೀಪಸ್ತಂಭ ಪತ್ರಿಕೆಯ ಮೊದಲ ಪುಟಕ್ಕೆ ಬಂತು, ಸಂಪಾದಕರ ಮಾತಿನೊಡನೆ. ಒಗಾತಾ ಎಲ್ಲರಿಗೂ ಓದಿ ಹೇಳಿದ: “ಕೊಲೆಗಾರನ ಹೆಸರು ಹೇಳಿ ಈ ವಾರವೇ ಕತೆ ಮುಗಿಸುವುದೆಂದು ಲೇಖಕರು ಚಿತ್ರಗಳನ್ನೂ ಬರೆದಿಟ್ಟಿದ್ದರು. ಆದರೆ ಒಂದೇ ಬೀದಿಯಿಂದ ಬಂದ ಹದಿಮೂರು ಕಾರ್ಡುಗಳು ಅವರ ಕಣ್ಣು ತುಂಬಿಸಿದವು. ಆ ಪುಟಗಳನ್ನು ಅವರು ಹರಿದುಹಾಕಿದ್ದಾರೆ. ಕತೆ ಮುಂದುವರಿಯುತ್ತದೆ.”

ಅಂಗಡಿಯಲ್ಲಿದ್ದವರೆಲ್ಲ ತೋಕುಜಿಯ ಕಡೆ ತಿರುಗಿದರು. ಅವನ ತಲೆಯಲ್ಲಿ ಆಗಷ್ಟೇ ಕೂದಲು ಚಿಗುರುತ್ತಿತ್ತು.

ಕತೆ ಆರು ವರ್ಷ ಎಳೆಯಿತು. ಆಮೇಲೆ ಪತ್ರಿಕೆಯೇ ಮುಚ್ಚಿತು. ತೋಕುಜಿ ತಡೆಯಲಾರದೆ ಲೇಖಕರಿಗೆ ಕಾಗದ ಬರೆದು ಬೇಡಿಕೊಂಡ: ದಮ್ಮಯ್ಯ, ಕೊಂದದ್ದು ಯಾರೆಂದು ಅಷ್ಟಾದರೂ ಹೇಳಿ.

ಹೊಸವರ್ಷಕ್ಕೆ ಉತ್ತರ ಬಂತು. “ನಿಮ್ಮ ಬೀದಿಯವರ ಪ್ರೀತಿಯನ್ನು ನಾನು ಯಾವತ್ತೂ ಮರೆಯಲಾರೆ. ಕೊಂದದ್ದು ಯಾರೆಂಬುದು ಮಾತ್ರ ಮರೆತುಹೋಗಿದೆ. ನಿಮಗೇನಾದರೂ ಗೊತ್ತಾದರೆ ದಯವಿಟ್ಟು ನನಗೂ ತಿಳಿಸಿ.”