ಖಾಲಿ ಡ್ರಮ್ಮಿನ ಅಧ್ಯಕ್ಷ

ಯಾವುದೇ ಒಳ್ಳೆಯ ಕೆಲಸವನ್ನು ಅಂಗಡಿಯಿಂದಲೇ ಶುರುಮಾಡುವುದು ನನ್ನ ಅಭ್ಯಾಸ. ಬೆಳಗ್ಗೆ ವಾಕಿಂಗ್ ಹೋಗಬೇಕೆನಿಸಿದಾಗ ಮೊದಲು ಬೂಟು ಕೊಂಡೆ. ಬೂಟು ಇನ್ನೂ ಹೊಸದಾಗಿಯೇ ಇದೆ. ಯೋಗಕ್ಕೆಂದು ಕೊಂಡ ಚಾಪೆಯ ಮೇಲೆ ನನ್ನ ಹೆಂಡತಿ ವನಜಾ ಹಪ್ಪಳ ಒಣಗಿಸುತ್ತಾಳೆ. ಹಾಗಾಗಿ ನಮ್ಮ ಊಟ ಭೂಮಿಗೆ ಭಾರವಾಗಬಾರದು ಎಂಬ ಸದ್ಬುದ್ಧಿ ಕಳೆದ ವರ್ಷ ನನಗೆ ಹುಟ್ಟಿದಾಗ ಮನೆಗೆ ಏಳು ಸೆಣಬಿನ ಚೀಲ, ಒಂದಷ್ಟು ಗಾಜಿನ ಭರಣಿ ಮತ್ತು ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವ ಹಸಿರು ಬಣ್ಣದ ಡಬ್ಬಿ ಬಂದವು. ಡಬ್ಬಿಯ ಜೊತೆ ಒಂದು ಪುಸ್ತಕವೂ ಬಂತು. ಡಬ್ಬಿಗೆ ಸುತ್ತಿದ್ದ ರಾಶಿ ಥರ್ಮೊಕೋಲನ್ನು ಎಲ್ಲಿ ಎಸೆಯಬೇಕು ಎನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು.

ನಾವಿರುವುದು ಚೆಂಬೂರಿನ ಒಂದು ಹಳೆಯ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯಲ್ಲಿ. ಅದೇ ಸಮಯಕ್ಕೆ ವಾರ್ಡ್ ಆಫೀಸಿನಿಂದ ನೋಟಿಸು ಬಂತು: ಹಸಿ ಕಸವನ್ನು ಬಿಲ್ಡಿಂಗಿನವರೇ ಗೊಬ್ಬರ ಮಾಡಿಕೊಳ್ಳಬೇಕು, ಇಲ್ಲವಾದರೆ ಕಸದ ಗಾಡಿ ನಿಮ್ಮ ಗೇಟಿಗೆ ಬರುವುದಿಲ್ಲ. ಸೊಸೈಟಿಯ ಮೀಟಿಂಗಿನಲ್ಲಿ ಸೆಕ್ರೆಟರಿ ಸಾವಂತ್ ಬಾಯಿ ಎಂಬ ಮರಾಠಿ ಹೆಂಗಸು, ಇದರ ಜವಾಬ್ದಾರಿ ಯಾರು ಹೊರುತ್ತೀರಿ ಎಂದು ಕೇಳಿದಾಗ ಎಲ್ಲರೂ ಮೊಬೈಲು ನೋಡತೊಡಗಿದರು. ಮನೆಯಲ್ಲಿ ಡಬ್ಬಿ ಇದ್ದವನು ನಾನೊಬ್ಬನೇ; ಎದ್ದು ನಿಂತೆ. ಹೀಗೆ ಗೊಬ್ಬರ ಸಮಿತಿಯ ಅಧ್ಯಕ್ಷನಾದೆ. ಸಮಿತಿಗೆ ಬೇರೆ ಸದಸ್ಯರಿರಲಿಲ್ಲ. ಬಿಲ್ಡಿಂಗಿನ ಹಿಂದೆ, ನಲ್ಲಿಯ ಪಕ್ಕದಲ್ಲಿ, ಒಂದು ದೊಡ್ಡ ನೀಲಿ ಡ್ರಮ್ಮು ಬಂದು ಕುಳಿತಿತು.

ಇತ್ತ ನನ್ನ ಸ್ವಂತ ಡಬ್ಬಿ ಹದಿನೈದೇ ದಿನಕ್ಕೆ ನಾರತೊಡಗಿತು. ಎಳ್ಳಿನಷ್ಟು ಸಣ್ಣ ನೊಣಗಳು ಎದ್ದು, ನಮ್ಮ ಮನೆ ಸಾಲದೆ ಕೆಳಗಿನ ಮನೆಗೂ ಇಳಿದವು. ಕೆಳಗೆ ಮಗಳ ಜೊತೆ ಇರುವವರು ಅಣ್ಣಪ್ಪಯ್ಯ. ಬೈಕುಲ್ಲಾದಿಂದ ವಡಾಲದವರೆಗೆ ಉಡುಪಿ ಹೋಟೆಲುಗಳ ಒಲೆಯ ಮುಂದೆ ನಲವತ್ತು ವರ್ಷ ನಿಂತು ನಿವೃತ್ತರಾದ ಅಡುಗೆಯವರು. ಒಂದು ಸಂಜೆ ಅವರು ಮೆಟ್ಟಿಲು ಹತ್ತಿ ಬಂದಾಗ ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಡಬ್ಬಿ ತೋರಿಸಿ ಎಂದರು ಅಷ್ಟೇ. ಮುಚ್ಚಳ ತೆಗೆದು, ವೈದ್ಯರು ರೋಗಿಯ ನಾಲಗೆ ನೋಡುವ ಹಾಗೆ ಬಗ್ಗಿ ನೋಡಿದರು. ಮೇಲೆ ಅಂದಿನ ಹೀರೇಕಾಯಿ ಸಿಪ್ಪೆ, ಹೂಕೋಸಿನ ದಂಟು, ಕಲ್ಲಂಗಡಿಯ ಸಿಪ್ಪೆ, ಮೂಲಂಗಿಯ ಸೊಪ್ಪು ಇದ್ದವು.

"ಇದು ಕಸ ಅಂತ ನಿಮಗೆ ಯಾರು ಹೇಳಿದ್ದು ಮಾರಾಯ್ರೆ? ಇದರಲ್ಲಿ ನಾಲ್ಕು ದಿನದ ಅಡುಗೆ ಉಂಟು."

ಮರುದಿನದಿಂದ ನನ್ನ ಪಾಠ ಶುರುವಾಯಿತು. ಅವರ ಹಿಂದೆ ಮಾರ್ಕೆಟ್ಟಿಗೆ ಹೋಗುವುದೇ ಒಂದು ಸುಖ. ಕೈಯಲ್ಲಿ ಹಳೆಯ ಪ್ಯಾಂಟಿನಿಂದ ಹೊಲಿದ ಒಂದೇ ಚೀಲ, ಅದರೊಳಗೆ ಮೊಸರಿಗೊಂದು ಸ್ಟೀಲಿನ ಡಬ್ಬಿ. ಮನೆಯಿಂದ ಹೊರಡುವಾಗ ಏನು ಅಡುಗೆ ಎಂದು ಅವರು ನಿರ್ಧರಿಸುವುದಿಲ್ಲ. ಆ ದಿನ ಹತ್ತಿರದಿಂದ ಬಂದ ತಾಜಾ ತರಕಾರಿ ಯಾವುದೋ ಅದೇ ಅಡುಗೆ. ಸೊಟ್ಟ ಬದನೆಯನ್ನೂ ಗಿಡ್ಡ ಪಡುವಲವನ್ನೂ, ಬೇರೆಯವರು ಬಿಟ್ಟುಹೋದದ್ದು ಎಂದೇ, ಎತ್ತಿಕೊಳ್ಳುತ್ತಿದ್ದರು. ಸೊಟ್ಟಗಿದ್ದರೆ ಸಾಂಬಾರಿಗೆ ಗೊತ್ತಾಗುತ್ತದೆಯೇ ಎನ್ನುವುದು ಅವರ ಪ್ರಶ್ನೆ. ಮನೆಯಲ್ಲಿ ಹೀರೇಕಾಯಿ ಸಿಪ್ಪೆ ಚಟ್ನಿಯಾಯಿತು, ಕಲ್ಲಂಗಡಿಯ ಬಿಳಿ ತಿರುಳು ಅಕ್ಕಿಯ ಜೊತೆ ರುಬ್ಬಿ ದೋಸೆಯಾಯಿತು. ಅನ್ನ ಅರ್ಧ ಬೆಂದ ಕೂಡಲೇ ಗ್ಯಾಸು ಆರಿಸಿ, ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಮಗುವಿನ ಹಾಗೆ ಸುತ್ತಿಡುತ್ತಿದ್ದರು. ಉಳಿದದ್ದನ್ನು ಅಕ್ಕಿ ತಾನೇ ಬೇಯಿಸಿಕೊಳ್ಳುತ್ತಿತ್ತು. ಇನ್ನು ಅವರು ಊಟ ಮಾಡುವುದನ್ನು ನೋಡಬೇಕು. ಅವಸರವಿಲ್ಲ, ಮಾತಿಲ್ಲ. ಮುಗಿದ ಮೇಲೆ ತಟ್ಟೆ ನೋಡಿದರೆ, ಬಡಿಸಲು ಮರೆತಿದ್ದೇವೆಯೋ ಎಂದು ಅನುಮಾನ ಬರಬೇಕು, ಅಷ್ಟು ಚೊಕ್ಕ. ಆ ತಟ್ಟೆ ತೊಳೆಯಲು ಅರ್ಧ ಚೊಂಬು ನೀರು ಸಾಕು ಎಂದು ನನಗೆ ಕಲಿಸಿಕೊಟ್ಟವರೂ ಅವರೇ.

ವನಜಾ ಈ ಚಟ್ನಿಯನ್ನು ಸಾವಂತ್ ಬಾಯಿಗೆ ಕೊಟ್ಟಳು. ಅಲ್ಲಿಂದ ಅದು ಬಿಲ್ಡಿಂಗಿನ ತುಂಬ ಓಡಾಡಿತು. ಭಾನುವಾರ ಅಣ್ಣಪ್ಪಯ್ಯನವರ ಅಡುಗೆಮನೆಯಲ್ಲಿ ಗುಜರಾತಿ, ಮರಾಠಿ, ತಮಿಳು ಹೆಂಗಸರು ಸೇರತೊಡಗಿದರು. ಪ್ರತಿಯೊಬ್ಬರಿಗೂ ತಮ್ಮ ಅಜ್ಜಿ ಹೀಗೇ ಮಾಡುತ್ತಿದ್ದರು ಎಂಬುದು ನೆನಪಾಗುತ್ತಿತ್ತು. ಬೇಯಿಸಲು ಬಾರದ ಚೂರುಪಾರನ್ನೂ ಚಹಾದ ಚರಟವನ್ನೂ ಅವರವರ ಹೂಕುಂಡಗಳೇ ನುಂಗುತ್ತಿದ್ದವು.

ಇದೆಲ್ಲ ಸಂತೋಷದ ವಿಷಯವೇ. ಆದರೆ ನನ್ನ ಡ್ರಮ್ಮು ಖಾಲಿ. ಅಷ್ಟರಲ್ಲಿ ಇನ್ನೊಂದು ಕಾಗದ ಬಂತು: ಬರುವ ಭಾನುವಾರ ಅಧಿಕಾರಿಗಳು ಗೊಬ್ಬರ ನೋಡಲು ಬರುತ್ತಾರೆ. ತೃಪ್ತಿಯಾಗದಿದ್ದರೆ ಗಾಡಿ ನಿಲ್ಲುತ್ತದೆ. ನನಗೆ ಊಟ ಸೇರಲಿಲ್ಲ. ಡ್ರಮ್ಮಿನ ತಳ ನೋಡಿ, ಈ ಬಿಲ್ಡಿಂಗಿನವರು ಕಸವನ್ನು ಕದ್ದು ಗಟಾರಕ್ಕೆ ಎಸೆಯುತ್ತಾರೆ ಎಂದುಕೊಂಡರೆ ಅಧ್ಯಕ್ಷನ ಗತಿ ಏನು?

ಭಾನುವಾರ ಬೆಳಗ್ಗೆ ಯಾರಿಗೂ ಹೇಳದೆ ಬೈಕುಲ್ಲಾ ಮಾರ್ಕೆಟ್ಟಿಗೆ ಹೋದೆ. ಚೆಂಬೂರಿನ ತರಕಾರಿಯವರಿಗೆಲ್ಲ ನನ್ನ ಗುರುತಿತ್ತಲ್ಲ. ಕೊಳೆತ ತರಕಾರಿ ಒಂದು ಮೂಟೆ ಬೇಕು ಎಂದಾಗ ಅಲ್ಲಿನ ವ್ಯಾಪಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನನ್ನ ಮನೆಯಲ್ಲಿ ಏನೋ ಕಷ್ಟ ಇರಬೇಕೆಂದು ಮರುಗಿ, ಒಳ್ಳೆಯದನ್ನೂ ಸೇರಿಸಿ ತುಂಬಿಸಿದ. ಕುರ್ಲಾದಲ್ಲಿ ರೈಲು ಬದಲಿಸಿ ಬಂದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಲೋಕಲಿನಲ್ಲಿ ನನ್ನ ಸುತ್ತ ಕೈಕಾಲು ಚಾಚುವಷ್ಟು ಜಾಗವಿತ್ತು.

ಗೇಟಿನ ಬಳಿ ಅಣ್ಣಪ್ಪಯ್ಯ ಕುಳಿತಿದ್ದರು. ಮೂಟೆಯಲ್ಲಿ ಏನು ಎಂದು ಕೇಳಿದರು. ಸುಳ್ಳು ಹೇಳಲು ವಾಸನೆ ಬಿಡಲಿಲ್ಲ, ಎಲ್ಲ ಹೇಳಿದೆ. ಅವರು ಮೂಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇಲ್ಲದ ಕಸವನ್ನು ತಂದು ತೋರಿಸಿ ಒಳ್ಳೆ ಹೆಸರು ತೆಗೆದುಕೊಳ್ಳುವುದು ಬೇಡ ರಾಯರೇ. ಇದ್ದದ್ದನ್ನು ಇದ್ದ ಹಾಗೆ ಹೇಳುವ. ಅವರೂ ಊಟ ಮಾಡುವವರೇ ಅಲ್ವಾ?"

ಮೂಟೆ ಬಿಚ್ಚಿ ಆರಿಸಲು ಕುಳಿತರು. ಅರ್ಧಕ್ಕಿಂತ ಹೆಚ್ಚು ಚೆನ್ನಾಗಿಯೇ ಇತ್ತು. ಮೆತ್ತಗಾದ ಟೊಮೆಟೊ ಸಾರಿಗೆ, ಕೋಸಿನ ಹೊರ ಎಲೆ ಪಲ್ಯಕ್ಕೆ, ಗಾಯವಾದ ಸಿಹಿಕುಂಬಳ ಹುಳಿಗೆ ಹೋದವು. ನಿಜವಾಗಿ ಕೊಳೆತದ್ದು ಡ್ರಮ್ಮಿನ ತಳ ಮುಚ್ಚುವಷ್ಟಾಯಿತು. ಮಧ್ಯಾಹ್ನ ಒಂದು ಗಂಟೆಗೆ ಬಿಲ್ಡಿಂಗಿಗೆ ಬಿಲ್ಡಿಂಗೇ ಅಂಗಳದಲ್ಲಿ ಊಟಕ್ಕೆ ಕುಳಿತಿತ್ತು. ಕಾಗದದ ತಟ್ಟೆ ಕೂಡದು ಎಂದು ನಾನು ಅಧ್ಯಕ್ಷನ ಗತ್ತಿನಿಂದ ಅಪ್ಪಣೆ ಮಾಡಿದ್ದೆ. ಸರಿ, ಸ್ಟೀಲಿನ ತಟ್ಟೆ ತೊಳೆಯುವುದು ನಿಮ್ಮ ಪಾಲಿಗೆ ಎಂದು ವನಜಾ ಹೇಳಿದಳು.

ಬಂದ ಅಧಿಕಾರಿ ಒಬ್ಬ ಚುರುಕಾದ ಯುವತಿ. ಡ್ರಮ್ಮಿನೊಳಗೆ ಬಗ್ಗಿ ನೋಡಿ, ಇಷ್ಟು ಮನೆಗಳ ಕಸ ಎಲ್ಲಿ ಎಂದು ಕೇಳಿದರು. ಸಾವಂತ್ ಬಾಯಿ ಮರಾಠಿಯಲ್ಲಿ ಕಥೆ ಪೂರ್ತಿ ಹೇಳಿ, ತಟ್ಟೆಯ ಮುಂದೆ ಕೂರಿಸಿದರು. ಆಕೆ ಸಾರನ್ನು ಎರಡು ಸಲ ಹಾಕಿಸಿಕೊಂಡು, ಪುಸ್ತಕದಲ್ಲಿ ಬಹಳ ಹೊತ್ತು ಬರೆದರು. ಗಾಡಿ ನಿಲ್ಲುವುದಿಲ್ಲ, ಬೇರೆ ಬಿಲ್ಡಿಂಗಿನವರನ್ನೂ ಇಲ್ಲಿಗೆ ಕಳಿಸುತ್ತೇನೆ ಎಂದು ಅಣ್ಣಪ್ಪಯ್ಯನವರಿಗೆ ಕೈ ಮುಗಿದರು. ಅಡುಗೆಯ ವಿಷಯದಲ್ಲಿ ಎಂದೂ ನಾಚದ ಅಣ್ಣಪ್ಪಯ್ಯ ತಲೆ ತಗ್ಗಿಸಿದ್ದನ್ನು ಅಂದೇ ನೋಡಿದ್ದು. ನನ್ನ ಕಣ್ಣೂ ಸ್ವಲ್ಪ ಒದ್ದೆಯಾಯಿತು.

ಆಗ ನಾನು ನಲ್ಲಿಯ ಬಳಿ, ಲುಂಗಿ ಎತ್ತಿ ಕಟ್ಟಿ, ತೆಂಗಿನ ನಾರಿನಿಂದ ತಟ್ಟೆ ತಿಕ್ಕುತ್ತಿದ್ದೆ. ಹೊರಡುವಾಗ ಆಕೆ ಒಂದು ಕ್ಷಣ ನಿಂತು ನೋಡಿ, ಇಷ್ಟು ಕಡಿಮೆ ನೀರಿನಲ್ಲಿ ಇಷ್ಟು ಚೊಕ್ಕ ತೊಳೆಯುವ ಕೆಲಸದವರು ಎಲ್ಲಿ ಸಿಕ್ಕರು, ನಮ್ಮ ಆಫೀಸಿನ ಕ್ಯಾಂಟೀನಿಗೂ ಒಬ್ಬರು ಬೇಕಿತ್ತು ಎಂದು ಹಿಂದಿಯಲ್ಲಿ ಅಣ್ಣಪ್ಪಯ್ಯನವರನ್ನು ಕೇಳಿದರು. ಪಾಪ, ನನ್ನ ಪದವಿಯನ್ನು ತಿಳಿಸಲು ಅವರು ಬಾಯಿ ತೆರೆದರು. ನಾನು ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅಧ್ಯಕ್ಷನಾದ ಮೇಲೆ ನನ್ನ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು. ಸುಮ್ಮನೆ ಏಕೆ ಕೆಡಿಸಿಕೊಳ್ಳಲಿ?